ಅಹವಾಲು ಹೇಳುವುದೂ ಅಧಿಕಾರದಿಂದ ಇಳಿಸುವುದೂ: ಒಂದು ಚರ್ಚಾ ಪಾಠದ ಅನುಭವ

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ವಿಜ್ಞಾನ. ಅಭ್ಯಾಸ ಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದಾಗ ಒಂಬತ್ತನೇ ತರಗತಿಯ ಎರಡು ವಿಭಾಗಗಳಿಗೆ ಈ ಪಾಠ ಮಾಡಿದೆ.

ವಿಷಯ: ಮೈಸೂರು ಸಂಸ್ಥಾನದ ಆಡಳಿತ ಸುಧಾರಣೆ, 1881–1947

ಉದ್ದೇಶ: ಪ್ರಾತಿನಿಧ್ಯಕ್ಕೂ ಜವಾಬ್ದಾರಿ ಸರ್ಕಾರಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗುರುತಿಸುವರು.

ಪೀಠಿಕೆ: ನಮ್ಮ ಪುರಭವನಕ್ಕೆ ರಂಗಾಚಾರ್ಲು ಅವರ ಹೆಸರೇಕೆ ಎಂದು ಕೇಳಿದೆ. ದಿವಾನರಾಗಿದ್ದ ಅವರ ಕಾಲದಲ್ಲಿ, 1881ರಲ್ಲಿ, 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಸುಧಾರಣೆ ಎರಡರ ಅಧಿಕಾರವನ್ನೂ ಹೆಚ್ಚಿಸಿತು.

ಮೊದಲ ವಿಭಾಗ: ‘ಇದ್ದ ವ್ಯವಸ್ಥೆಯೇ ಇರಲಿ’, ‘ಬದಲಾಗಲಿ’ ಎಂದು ಎರಡು ಗುಂಪು ಮಾಡಿ ಚರ್ಚೆಗೆ ಬಿಟ್ಟೆ. ಮೊದಲ ಗುಂಪು, “ನಾಲ್ವಡಿಯವರು ಕನ್ನಂಬಾಡಿ ಕಟ್ಟಿಸಿದರು, ವಿಶ್ವವಿದ್ಯಾನಿಲಯ ಕೊಟ್ಟರು, ಬದಲಾವಣೆ ಯಾಕೆ?” ಎಂದಿತು. ಇನ್ನೊಂದು ಗುಂಪಿಗೆ ಉತ್ತರ ಹೊಳೆಯಲಿಲ್ಲ. ಚರ್ಚೆ ‘ರಾಜರು ಒಳ್ಳೆಯವರೇ?’ ಎಂಬಲ್ಲಿಗೆ ಬಂದು ನಿಂತಿತು. ತಪ್ಪು ನನ್ನದು. ಪಕ್ಷ ಹಂಚಿದ್ದೆ, ಅಳತೆಗೋಲು ಕೊಟ್ಟಿರಲಿಲ್ಲ.

ಎರಡನೇ ವಿಭಾಗ: ಚರ್ಚೆಗೆ ಮೊದಲು ಕಪ್ಪುಹಲಗೆಯ ಮೇಲೆ ಮೂರು ಪ್ರಶ್ನೆ ಬರೆದೆ. ಜನಪ್ರತಿನಿಧಿಗಳು ಅಹವಾಲು ಹೇಳಬಹುದೇ? ಆಯವ್ಯಯದ ಬೇಡಿಕೆಗಳ ಮೇಲೆ ಮತ ಹಾಕಬಹುದೇ? ದಿವಾನರನ್ನು ಇಳಿಸಬಹುದೇ? 1881ರ ಕಾಲಂನಲ್ಲಿ ಮೊದಲನೆಯದಕ್ಕೆ ಮಾತ್ರ ‘ಹೌದು’ ಬಂತು. 1923ರ ನಂತರ ನ್ಯಾಯವಿಧಾಯಕ ಸಭೆಯಿಂದಾಗಿ ಎರಡನೆಯದಕ್ಕೂ ‘ಹೌದು’. ಮೂರನೆಯದಕ್ಕೆ ಎರಡೂ ಕಡೆ ‘ಇಲ್ಲ’, ಏಕೆಂದರೆ ದಿವಾನರನ್ನು ನೇಮಿಸುತ್ತಿದ್ದವರು ಮಹಾರಾಜರು. ಹೋಲಿಕೆಗೆ ಬ್ರಿಟನ್ ಕಾಲಂ ಸೇರಿಸಿದೆ. ಅಲ್ಲಿ ರಾಜರಿದ್ದರೂ ಕೆಳಮನೆಯ ವಿಶ್ವಾಸ ಕಳೆದುಕೊಂಡ ಮಂತ್ರಿಮಂಡಲ ಮುಂದುವರಿಯುವಂತಿಲ್ಲ.

ಈಗ ಚರ್ಚೆಯ ದಾರಿ ಬದಲಾಯಿತು. “ಒಳ್ಳೆಯ ದಿವಾನರಿದ್ದರೆ ಸಾಕಲ್ಲವೇ?” ಎಂದಳು ಒಬ್ಬಳು. “ಒಳ್ಳೆಯವರು ಬರದಿದ್ದರೆ ಏನು ಮಾಡೋದು?” ಎಂದ ಹಿಂದಿನ ಬೆಂಚಿನ ಹುಡುಗ. 1947ರ ‘ಮೈಸೂರು ಚಲೋ’ ಚಳವಳಿ ಕೇಳಿದ್ದು ಆ ಮೂರನೇ ಸಾಲನ್ನೇ. ಆ ವರ್ಷದ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು.

ಮೌಲ್ಯಮಾಪನ: ‘ನಿಮ್ಮ ಶಾಲಾ ಸಂಸತ್ತಿನಲ್ಲಿ ಇರುವುದು ಪ್ರಾತಿನಿಧ್ಯವೋ, ಜವಾಬ್ದಾರಿಯೋ?’ ಎಂದು ಬರೆಯಲು ಹೇಳಿದೆ. “ನಾಯಕನನ್ನು ಆರಿಸುತ್ತೇವೆ, ಆದರೆ ಇಳಿಸುವ ನಿಯಮವೇ ಇಲ್ಲ” ಎಂದು ಹಲವರು ಬರೆದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ಪ್ರಯೋಗಾಲಯದಲ್ಲಿ ಏನನ್ನು ಅಳೆಯುತ್ತೇವೆಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತೇವೆ. ಚರ್ಚಾ ಪಾಠಕ್ಕೂ ಅದು ಬೇಕು. ಇಲ್ಲದಿದ್ದರೆ ಮಕ್ಕಳು ವ್ಯವಸ್ಥೆಯನ್ನು ಬಿಟ್ಟು ವ್ಯಕ್ತಿಯನ್ನು ತೂಗುತ್ತಾರೆ.