ಸೈಕಲ್ ಪದದಲ್ಲಿ ಎರಡು ‘ಸಿ’



ಸಂಜೆ ಮಗು ಇಂಗ್ಲಿಷ್ ಮನೆಪಾಠ ಬರೆಯುತ್ತದೆ. “ಅಮ್ಮಾ, ಇದು ಸರೀನಾ?” ಅಂತ ಕೇಳುತ್ತದೆ. “ನಂಗೆ ಇಂಗ್ಲಿಷ್ ಬರೋಲ್ಲ, ಹೋಗು” ಅಂದುಬಿಡಬೇಡಿ. ಕನ್ನಡ ಓದಲು ಕಲಿತಿದ್ದೀರಿ. ಮಗುವಿಗೆ ನೀವೂ ನೆರವಾಗಬಹುದು.

ಕನ್ನಡದಲ್ಲಿ 49 ಅಕ್ಷರ. ಹೆಚ್ಚಾಗಿ ಹೇಳಿದಂತೆ ಬರೆಯುತ್ತೇವೆ. ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ 26 ಅಕ್ಷರ ಮಾತ್ರ. ಸದ್ದುಗಳು ಸುಮಾರು 44. ಮನೆಯಲ್ಲಿ ಆಳು ಕಡಿಮೆ, ಕೆಲಸ ಜಾಸ್ತಿ ಇದ್ದಂತೆ. ಒಂದೇ ಅಕ್ಷರ ಎರಡು ಕೆಲಸ ಮಾಡಬೇಕು.

ಇಂಗ್ಲಿಷಿನ ‘ಸಿ’ ಅಕ್ಷರ ನೋಡಿ. ಕುಡುಗೋಲಿನ ಹಾಗೆ ಬಾಗಿದೆ. ಕಪ್, ಕಾರ್, ಕಾಫಿ, ಸಿನಿಮಾ, ಸಿಮೆಂಟ್. ಈ ಐದೂ ಪದ ‘ಸಿ’ಯಿಂದಲೇ ಶುರು. ಮೊದಲ ಮೂರರಲ್ಲಿ ಅದರ ಸದ್ದು ಕ. ಕೊನೆಯ ಎರಡರಲ್ಲಿ ಸ. ಯಾಕೆ?

ಪಕ್ಕದ ಅಕ್ಷರ ನೋಡಬೇಕು. ‘ಸಿ’ ಆದ ಮೇಲೆ ‘ಇ’, ‘ಐ’, ‘ವೈ’ ಬಂದರೆ ಸಾಮಾನ್ಯವಾಗಿ ಸ. ‘ಎ’, ‘ಓ’, ‘ಯು’, ‘ಎಲ್’, ‘ಆರ್’ ಬಂದರೆ ಕ.

ಸೈಕಲ್ ಪದದಲ್ಲಿ ಎರಡೂ ಇವೆ. ಅದನ್ನು ಬರೆಯುವುದು ಹೀಗೆ: ಸಿ, ವೈ, ಸಿ, ಎಲ್, ಇ. ಮೊದಲ ‘ಸಿ’ ಪಕ್ಕ ‘ವೈ’ ಇದೆ. ಅದಕ್ಕೇ ಸ. ಎರಡನೇ ‘ಸಿ’ ಪಕ್ಕ ‘ಎಲ್’ ಇದೆ. ಅದಕ್ಕೇ ಕ.

ಕೆಲವು ಅಕ್ಷರ ಸುಮ್ಮನೆ ಕೂತಿರುತ್ತವೆ. ನೈಫ್ ಅಂದರೆ ಚಾಕು. ಬರೆಯುವುದು: ಕೆ, ಎನ್, ಐ, ಎಫ್, ಇ. ಮೊದಲ ‘ಕೆ’ಗೆ ಸದ್ದೇ ಇಲ್ಲ. 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ಬಂತು. ಆಗ ಜನ ಆ ‘ಕೆ’ಯನ್ನೂ ಹೇಳುತ್ತಿದ್ದರು. ಮುಂದೆ ಮಾತು ಬದಲಾಯಿತು. ಬರಹ ಹಾಗೇ ಉಳಿಯಿತು.

ಹಾಗಾಗಿ ಮಗು ತಪ್ಪು ಬರೆದರೆ ದಡ್ಡ ಅನ್ನಬೇಡಿ. ಹೊಡೆಯಬೇಡಿ. ಕನ್ನಡದಂತೆಯೇ ಕಿವಿಗೆ ಕೇಳಿದ್ದನ್ನು ಬರೆದಿರುತ್ತದೆ, ಅಷ್ಟೆ.

ನೀವು ಮಾಡಬೇಕಾದ್ದು ಇಷ್ಟು:

1. ಪಾಠದ ಪುಸ್ತಕ, ನೋಟ್‌ಬುಕ್ ಪಕ್ಕಪಕ್ಕ ಇಡಿ.
2. ಒಂದೊಂದೇ ಅಕ್ಷರದ ಮೇಲೆ ಬೆರಳಿಡಿ. ಎರಡೂ ಕಡೆ ಆಕಾರ ಒಂದೇನಾ ನೋಡಿ.
3. ಬೇರೆ ಇದ್ದರೆ ತೋರಿಸಿ. ಮಗುವೇ ತಿದ್ದಲಿ.
4. “‘ಸಿ’ ಪಕ್ಕ ಯಾವ ಅಕ್ಷರ ಇದೆ?” ಅಂತ ಕೇಳಿ. ಮಗು ಹೇಳಲಿ. ನೀವೂ ಕಲಿಯಿರಿ.

ಯೋಚಿಸಿ, ಹೇಳಿ:

ಐಸ್ ಪದ ಬರೆಯುವುದು ಐ, ಸಿ, ಇ. ಇಲ್ಲಿ ‘ಸಿ’ಯ ಸದ್ದು ಯಾವುದು? ಯಾಕೆ?

ಕ್ರೀಮ್ ಪದದಲ್ಲಿ ‘ಸಿ’ ಆದ ಮೇಲೆ ‘ಆರ್’ ಇದೆ. ಇಲ್ಲಿ ಸದ್ದು ಯಾವುದು?

ಇಬ್ಬರೂ ಸೇರಿ ಉತ್ತರ ಹುಡುಕಿ.