ಡಚ್ ಭಾಷೆಯ ಉಪಪದಗಳೂ ಕ್ರಿಯಾವಿಶೇಷಣಗಳೂ

ಇಂಗ್ಲಿಷಿನಲ್ಲಿ ‘ಎ’, ‘ದಿ’ ಎಂಬ ಉಪಪದಗಳನ್ನು ಬಿಟ್ಟು ಬರೆದು ಅಂಕ ಕಳೆದುಕೊಳ್ಳುವ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರು. ಇದು ಅಲಕ್ಷ್ಯದ ಫಲವೆಂದು ನಾವು ಬಹುಕಾಲ ತಿಳಿದಿದ್ದೆವು, ಅದು ಸರಿಯಲ್ಲ. ಇಂಗ್ಲಿಷಿನ ಸೋದರಿಯಾದ ಡಚ್ ಭಾಷೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. 1663ರಿಂದ 1795ರವರೆಗೆ ಕೊಚ್ಚಿಯ ಕೋಟೆಯನ್ನು ವಶದಲ್ಲಿಟ್ಟುಕೊಂಡಿದ್ದವರ ನುಡಿಯದು.

ಮೊದಲು ಉಪಪದ. ‘ಬುಕ್’ ಎಂದರೆ ಪುಸ್ತಕ. ‘ಅನ್ ಬುಕ್’ ಯಾವುದೋ ಒಂದು ಪುಸ್ತಕ. ‘ಹೆಟ್ ಬುಕ್’ ನಮಗೆ ತಿಳಿದಿರುವ ಆ ಪುಸ್ತಕ. ಮೇಜಿಗಾದರೋ ‘ಹೆಟ್’ ಸಲ್ಲದು, ‘ದ ತಾಫಲ್’ ಎನ್ನಬೇಕು. ಯಾವುದಕ್ಕೆ ‘ದ’, ಯಾವುದಕ್ಕೆ ‘ಹೆಟ್’ ಎಂಬುದನ್ನು ಬಹುಮಟ್ಟಿಗೆ ಬಾಯಿಪಾಠ ಮಾಡಬೇಕು. ಎರಡು ನಿಯಮಗಳು ಇಲ್ಲಿ ನೆರವಾಗುವುವು: ಬಹುವಚನಕ್ಕೆ ಯಾವಾಗಲೂ ‘ದ’, ಪುಟ್ಟದೆಂಬ ಅರ್ಥದ ಪ್ರತ್ಯಯ ಸೇರಿದ ಏಕವಚನಕ್ಕೆ ‘ಹೆಟ್’. ನಾಯಿ ‘ದ ಹೊಂಟ್’; ಪುಟ್ಟ ನಾಯಿ ‘ಹೆಟ್ ಹೊಂಟ್ಯ’.

ಇನ್ನು ಕ್ರಿಯಾವಿಶೇಷಣ. ‘ಇಕ್ ಲೇಸ್ ವಂದಾಖ್ ಅನ್ ಬುಕ್’ ಎಂದರೆ ‘ನಾನು ಇಂದು ಒಂದು ಪುಸ್ತಕ ಓದುತ್ತೇನೆ’. ಇಲ್ಲಿ ‘ಇಕ್’ ನಾನು, ‘ಲೇಸ್’ ಓದುತ್ತೇನೆ, ‘ವಂದಾಖ್’ ಇಂದು. ‘ಇಂದು’ ಎಂಬುದನ್ನು ಮೊದಲಿಗೆ ತಂದರೆ ‘ವಂದಾಖ್ ಲೇಸ್ ಇಕ್ ಅನ್ ಬುಕ್’ ಆಗುವುದು. ಇಂಥ ಸರಳ ವಾಕ್ಯದಲ್ಲಿ ಕ್ರಿಯಾಪದವು ಎರಡನೆಯ ಸ್ಥಾನವನ್ನು ಬಿಡದು. ಆದುದರಿಂದ ಕರ್ತೃಪದವೇ ಹಿಂದೆ ಸರಿಯುವುದು. ಕನ್ನಡದಲ್ಲಿಯೋ ಕ್ರಿಯಾಪದದ ಸ್ಥಾನ ಸಾಮಾನ್ಯವಾಗಿ ಕೊನೆಯಲ್ಲಿ.

ನಿಷೇಧದಲ್ಲಿ ಇವೆರಡೂ ಕೂಡುವುವು. ‘ಇಕ್ ಲೇಸ್ ಹೆಟ್ ಬುಕ್ ನೀಟ್’ ಎಂದರೆ ಆ ಪುಸ್ತಕವನ್ನು ಓದುವುದಿಲ್ಲ. ‘ಇಕ್ ಲೇಸ್ ಖೇನ್ ಬುಕ್’ ಎಂದರೆ ಯಾವ ಪುಸ್ತಕವನ್ನೂ ಓದುವುದಿಲ್ಲ. ‘ಅನ್’ ಇರಬೇಕಾದೆಡೆ ‘ನೀಟ್’ ಬಾರದೆ ‘ಖೇನ್’ ಎಂಬ ಒಂದೇ ಪದ ಬರುವುದು.

ಹಾಗಾದರೆ ಕನ್ನಡಕ್ಕೆ ಈ ಭೇದ ತಿಳಿಯದೆ? ‘ಪುಸ್ತಕ ಓದಿದೆ’, ‘ಪುಸ್ತಕವನ್ನು ಓದಿದೆ’ ಎಂಬೆರಡನ್ನು ಹೋಲಿಸಿರಿ. ಮೊದಲನೆಯದು ಯಾವುದೋ ಪುಸ್ತಕವಿರಬಹುದು. ಎರಡನೆಯದು ಸಾಮಾನ್ಯವಾಗಿ ಗೊತ್ತಾದ ಪುಸ್ತಕ. ಅವರು ಉಪಪದದಿಂದ ಹೇಳುವುದನ್ನು ನಾವು ಅನೇಕ ವೇಳೆ ವಿಭಕ್ತಿಯಿಂದ ಸೂಚಿಸುತ್ತೇವೆ. ನಮ್ಮ ನುಡಿಯಲ್ಲಿ ಕೊರತೆಯಿಲ್ಲ, ದಾರಿ ಬೇರೆ.

ಗಡಿನಾಡಿನ ನಮ್ಮ ಮಕ್ಕಳು ಮನೆಯಲ್ಲೊಂದು, ಪೇಟೆಯಲ್ಲೊಂದು, ಪುಸ್ತಕದಲ್ಲೊಂದು ನುಡಿಯ ನಡುವೆ ಬೆಳೆಯುವವರು. ತಪ್ಪಿದ ಮಗುವನ್ನು ದಡ್ಡನೆಂದು ಹಳಿಯದೆ, ತಪ್ಪು ಯಾವ ನುಡಿಯ ಅಭ್ಯಾಸದಿಂದ ಬಂತೆಂದು ಪೋಷಕರೂ ಉಪಾಧ್ಯಾಯರೂ ವಿಚಾರಿಸಲಿ. ತಾಯ್ನುಡಿಯ ವ್ಯಾಕರಣವನ್ನು ಚೆನ್ನಾಗಿ ಅರಿತವನಿಗೆ ಪರಭಾಷೆಯ ಬಾಗಿಲು ಬೇಗ ತೆರೆಯುವುದು.

ಅಭ್ಯಾಸ: ‘ಇಂದು ನಾನು ಆ ಪುಸ್ತಕವನ್ನು ಓದುತ್ತೇನೆ’ — ‘ವಂದಾಖ್’ ಎಂದು ಆರಂಭಿಸಿ ಡಚ್ಚಿನಲ್ಲಿ ಬರೆಯಿರಿ.