ಕಾಯುವ ಶಕ್ತಿ ಯಾರಿಗೈತಿ?

ನವಲಗುಂದ, ಅಣ್ಣಿಗೇರಿ ಸೀಮೆ ಕರಿ ಭೂಮಿ. ಇಲ್ಲಿ ನಾವು ಮುಂಗಾರಿಗೆ ಹೆಸರು ಬಿತ್ತುತ್ತೇವೆ. ಶ್ರಾವಣ, ಭಾದ್ರಪದದಲ್ಲಿ ರಾಶಿ ಮಾಡುತ್ತೇವೆ.

ಒಂದು ಊರಾಗ ಇಬ್ಬರು ರೈತರು ಇದ್ದಾರೆ ಅಂದುಕೊಳ್ಳೋಣ. ಒಬ್ಬರಿಗೆ 40 ಎಕರೆ ಹೊಲ. ಕಾಳು ಇಡಲು ಗೋದಾಮು. ಇನ್ನೊಬ್ಬರಿಗೆ 3 ಎಕರೆ ಹೊಲ. ತಲೆ ಮೇಲೆ ಬೀಜ, ಗೊಬ್ಬರದ ಸಾಲ.

ರಾಶಿ ಆದ ಕೂಡಲೇ ಪ್ಯಾಟಿಗೆ ಮಾಲು ಬಹಳ ಬರುತ್ತದೆ. ಬೆಲೆ ಇಳಿಯುತ್ತದೆ. ದೊಡ್ಡ ರೈತರು ಬೆಲೆ ಏರುವ ತನಕ ಕಾಯುತ್ತಾರೆ. ಸಣ್ಣ ರೈತರು ಏನಂತಾರೆ?

"ಸಾಲ ಕೊಟ್ಟಾಂವ ಬಾಗಲಾಗ ನಿಂತಾನ್ರೀ. ನಾ ಹೆಂಗ ಕಾಯ್ಲಿ?"

ಹೊಲ, ದುಡ್ಡು, ಗೋದಾಮು, ಯಂತ್ರ - ಇವೇ ಬಂಡವಾಳ. ಬಂಡವಾಳ ಇದ್ದವರು ಕಾಯಬಲ್ಲರು. ಇಲ್ಲದವರು ಕೇಳಿದ ಬೆಲೆಗೆ ಕೊಡುತ್ತಾರೆ. ಹೀಗೆ ಇದ್ದವರಿಗೂ ಇಲ್ಲದವರಿಗೂ ಅಂತರ ಬೆಳೆಯುತ್ತದೆ.

ಇಲ್ಲಿ ಸರಕಾರದ ಕೆಲಸ ಏನು? ಕಾಯಲಾರದವರಿಗೆ ಕಾಯುವ ಶಕ್ತಿ ಕೊಡುವುದು.

1966ರಲ್ಲಿ ನಮ್ಮ ರಾಜ್ಯದಲ್ಲಿ ಕೃಷಿ ಮಾರುಕಟ್ಟೆ ಕಾಯ್ದೆ ಬಂತು. ಮಾರುಕಟ್ಟೆ ಸಮಿತಿಯ ಅಂಗಳದಲ್ಲಿ ಬಹಿರಂಗ ಸವಾಲು, ಸರಿಯಾದ ತೂಕ ಆಗಬೇಕು ಅಂತ ನಿಯಮ ಆಯಿತು. ಉಗ್ರಾಣದಲ್ಲಿ ಕಾಳು ಇಟ್ಟು, ಅದರ ರಸೀದಿ ಮೇಲೆ ಸಾಲ ಪಡೆಯಲೂ ಬರುತ್ತದೆ.

ಕೇಂದ್ರ ಸರಕಾರ ಬೆಂಬಲ ಬೆಲೆ ಸಾರುತ್ತದೆ. 2025-26ರಲ್ಲಿ ಹೆಸರಿಗೆ ಕ್ವಿಂಟಲಿಗೆ 8,768 ರೂಪಾಯಿ ಇತ್ತು.

ಲೆಕ್ಕ ಮಾಡೋಣ. ಪ್ಯಾಟಿಯಲ್ಲಿ 7,000 ರೂಪಾಯಿಗೆ ಮಾರಿದರೆ ಕ್ವಿಂಟಲಿಗೆ 1,768 ರೂಪಾಯಿ ಕಡಿಮೆ. 5 ಕ್ವಿಂಟಲಿಗೆ 8,840 ರೂಪಾಯಿ. ಇದು ಮಕ್ಕಳ ಬಟ್ಟೆ, ಪುಸ್ತಕದ ದುಡ್ಡು.

ಆದರೆ ಖರೀದಿ ಕೇಂದ್ರ ತಡವಾಗಿ ತೆರೆದರೆ? ಅಷ್ಟರಲ್ಲಿ ಸಣ್ಣ ರೈತರ ಚೀಲ ಖಾಲಿ ಆಗಿರುತ್ತದೆ. ಆಗ ಬೆಂಬಲ ಬೆಲೆಯೂ ಕಾಯಬಲ್ಲವರಿಗೇ ಸಿಗುತ್ತದೆ. ಅದಕ್ಕೇ ಕೇಂದ್ರ ರಾಶಿಯ ಹೊತ್ತಿಗೇ ತೆರೆಯಬೇಕು.

ಸರಕಾರ ತಾನಾಗಿಯೇ ಎಲ್ಲವನ್ನೂ ಮಾಡುವುದಿಲ್ಲ. ಕೇಳಬೇಕು. 1980ರ ಜುಲೈ 21ರಂದು ನವಲಗುಂದ, ನರಗುಂದದ ರೈತರು ಮಲಪ್ರಭಾ ಕಾಲುವೆಯ ಕರಭಾರದ ವಿರುದ್ಧ ಎದ್ದರು. ಗೋಲಿಬಾರ್ ಆಗಿ ರೈತರು ಪ್ರಾಣ ಕೊಟ್ಟರು. ಅವರನ್ನು ನಾವು ಇಂದಿಗೂ ನೆನೆಯುತ್ತೇವೆ.

ಈಗ ನಾವು ಓದು, ಬರಹ ಕಲಿತಿದ್ದೇವೆ. ರಾಶಿಗೆ ಮೊದಲೇ ಉತಾರ, ಆಧಾರ್ ಕಾರ್ಡ್, ಬ್ಯಾಂಕಿನ ಪುಸ್ತಕ ಜೋಡಿಸಿ ಇಡೋಣ. ಕಾಳು ಒಣಗಿಸಿ, ಹಸನು ಮಾಡೋಣ. ಕೇಂದ್ರ ತೆರೆಯಿರಿ ಅಂತ ಊರವರೆಲ್ಲ ಕೂಡಿ ಅರ್ಜಿ ಬರೆಯೋಣ. ಹೆಬ್ಬೆಟ್ಟು ಬೇಡ, ಸಹಿ ಮಾಡೋಣ.

ಯೋಚಿಸಿ ಹೇಳಿರಿ:
1. ರಾಶಿ ಆದಾಗ ಬೆಲೆ ಏಕೆ ಇಳಿಯುತ್ತದೆ?
2. ಹೋದ ವರ್ಷ ನೀವು ಮಾಲು ಯಾವಾಗ ಮಾರಿದಿರಿ? ಏಕೆ?